ಅರ್ಧ ಕಪ್ಪಿನ ಮರ್ಯಾದೆ

ಜನವರಿಯ ಎರಡನೆಯ ಭಾನುವಾರ, ಲಗ್ಮಾನ್ ಸಾರಿನ ಬಟ್ಟಲಿನಲ್ಲಿ ಶಾವಿಗೆ ಇನ್ನೂ ಅರ್ಧ ಉಳಿದಿರುವಾಗಲೇ, ಮಹ್ಕಮ್ ಚಮಚ ಕೆಳಗಿಟ್ಟು ಹೇಳಿದ:

"ಮಾರ್ಚಿನಲ್ಲಿ ನವ್ರೂಜ್ ಹಬ್ಬ ಇಲ್ಲೇ ಮಾಡ್ತೀನಿ. ಆಮೇಲೆ ನಮ್ಮೂರಿಗೆ, ಮಾರ್ಗಿಲಾನಿಗೆ, ಹೊರಟ್ಬಿಡ್ತೀನಿ. ನಮ್ಮ ಶಾಲೆ ಡೈರೆಕ್ಟರ್ ಫೋನ್ ಮಾಡಿದ್ದ. ಏಪ್ರಿಲ್‌ನಲ್ಲಿ ಶಾಲೆ ತೆರೆಯೋ ತನಕ ನನ್ನ ಕ್ಲಾಸುಗಳನ್ನ ಬೇರೆಯವರಿಗೆ ಕೊಡಲ್ವಂತೆ."

ಹೆಂಡತಿ ಸೊಹಿಬಾ ರೊಟ್ಟಿ ಮುರಿಯುತ್ತಿದ್ದಳು. ಮುರಿಯುವುದನ್ನು ನಿಲ್ಲಿಸಲಿಲ್ಲ.

"ಒಬ್ಬರೇನಾ?"

"ಒಬ್ಬನೇ. ದಿಲ್ದೋರಾಗೆ ಕಾಲೇಜಿದೆ. ನಿನಗೆ ಕೆಲಸ ಇದೆ."

"ಬುವಿಗೆ?"

ಬುವಿ ಅಂದರೆ ಮಹ್ಕಮನ ತಾಯಿ. ಮೊಮ್ಮಗಳು ಕರೆಯುವುದನ್ನು ಕೇಳಿ ಕೇಳಿ ಸೊಸೆಯೂ ಅವಳನ್ನು ಬುವಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು. ಎಂಬತ್ತು ದಾಟಿದ ಅವಳು ಶಾವಿಗೆಯನ್ನು ಚಮಚದಲ್ಲಿ ತುಂಡು ಮಾಡುತ್ತ, "ನನ್ನನ್ಯಾಕೆ ಪಾತ್ರೆ ಪಡಗದ ಹಾಗೆ ಪಾಲು ಹಾಕ್ತೀರಿ?" ಎಂದಳು. "ಅವನು ಹೋಗಲ್ಲ. ಉಪ್ಪು ಕಮ್ಮಿಯಾದಾಗೆಲ್ಲ ಹೀಗೇ ಮಾತಾಡ್ತಾನೆ."

"ಉಪ್ಪು ಸರಿಯಾಗಿದೆ ಅಮ್ಮ. ನನಗೆ ಐವತ್ತನಾಲ್ಕು. ಹದಿನಾಲ್ಕು ತಿಂಗಳಿಂದ ಹೆಂಡತಿ ದುಡಿದದ್ದನ್ನ ತಿಂತಿದ್ದೀನಿ."

"ತಿಂದ ತಟ್ಟೆ ತೊಳೀತೀರಲ್ಲ," ಎಂದಳು ಸೊಹಿಬಾ.

ಮಗಳು ದಿಲ್ದೋರಾ ನಕ್ಕಳು. ಮಹ್ಕಮ್ ನಗಲಿಲ್ಲ. ಆದರೆ ಊಟವಾದ ಮೇಲೆ ಎಂದಿನಂತೆ ಎದ್ದು ತೋಳು ಮಡಚಿ ತಟ್ಟೆ ತೊಳೆದ.

ವೀಸಾ ಲಾಟರಿಯಲ್ಲಿ ಅಮೆರಿಕದ ಗ್ರೀನ್ ಕಾರ್ಡು ಸಿಕ್ಕಿ ಅವರು ಮಾರ್ಗಿಲಾನಿನಿಂದ ಫಿಲಡೆಲ್ಫಿಯಾಕ್ಕೆ ಬಂದದ್ದು. ಬಸ್ಟಲ್ಟನ್ ರಸ್ತೆಯ ಹಿಂದಿನ ಸಾಲುಮನೆಗಳಲ್ಲಿ ಮೂರಕ್ಕೊಂದು ಮನೆಯ ಮುಂದೆ ಉಜ್ಬೇಕರ ಚಪ್ಪಲಿ ಇರುತ್ತಿತ್ತು. ಆ ಮನೆಗಳ ಗಂಡಸರೆಲ್ಲ ಲಾರಿ ಓಡಿಸುತ್ತಿದ್ದರು. ಮಹ್ಕಮನಿಗೆ ಅದಾಗುವಂತಿರಲಿಲ್ಲ. ಮಾರ್ಗಿಲಾನಿನ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ತಪ್ಪು ಸೀಸೆಯಿಂದ ತಪ್ಪು ಸೀಸೆಗೆ ಹೊಯ್ದದ್ದು ಸಿಡಿದು ಮಹ್ಕಮನ ಎಡಗಣ್ಣು ಮಬ್ಬಾಗಿತ್ತು. ಆಮೇಲೂ ಅವನು ಹದಿನೇಳು ವರ್ಷ ಅದೇ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ್ದ. ಅದಕ್ಕೆ ಒಂದು ಕಣ್ಣು ಸಾಕಾಗಿತ್ತು.

ಸೊಹಿಬಾಳ ತಮ್ಮ ಫಾಜಿಲ್ ಓಹಾಯೋ ಕಡೆಗೆ ಲಾರಿ ಓಡಿಸುವವನು. ಬಂದಾಗಲೆಲ್ಲ ಮಹ್ಕಮನನ್ನು ಅಕಾ, ಅಂದರೆ ಅಣ್ಣ, ಎಂದು ಕರೆದು ಒಂದೇ ಮಾತು.

"ಅಕಾ, ಇನ್ನೊಂದು ಸಲ ಕಣ್ಣು ತೋರಿಸಿ. ಯಾರಾದ್ರೂ ಪಾಸು ಮಾಡ್ತಾರೆ."

"ಪಾಸು ಮಾಡಿದ್ರೆ ನೀನು ನನ್ನ ಮುಂದೆ ಲಾರಿ ಓಡಿಸ್ತೀಯಾ?"

"ಛೆ, ಹಿಂದೆ ಓಡಿಸ್ತೀನಿ. ಬಹಳ ದೂರ."

ಫಾಜಿಲನ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಮಹ್ಕಮ್ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಬಂದು ಸೋಫಾದ ಮೇಲೆ ಕೂತು ಪತ್ರಿಕೆ ಹಿಡಿಯುತ್ತಿದ್ದ. ಕೈ ಒದ್ದೆ ಇರುತ್ತಿದ್ದುದರಿಂದ ಪತ್ರಿಕೆ ಬೆರಳಿಗೆ ಅಂಟುತ್ತಿತ್ತು. ಫಾಜಿಲ್ ನೋಡಿಯೂ ನೋಡದವನ ಹಾಗೆ ಇರುತ್ತಿದ್ದ.

ಆ ತಿಂಗಳ ಕೊನೆಗೆ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸ ಖಾಲಿಯಿದ್ದದ್ದನ್ನು ದಿಲ್ದೋರಾ ಹುಡುಕಿದಳು. ಮಹ್ಕಮ್ ತಾನೇ ಫೋನ್ ಮಾಡಿದ. ಹೇಳಬೇಕಾದ್ದನ್ನೆಲ್ಲ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಆ ಕಡೆಯ ಹೆಂಗಸು, ಆ ಜಾಗ ನಿನ್ನೆಯೇ ತುಂಬಿತು ಎಂದು ಫೋನ್ ಇಟ್ಟಳು.

"ಕೊಡಿ ಇಲ್ಲಿ," ಎಂದಳು ದಿಲ್ದೋರಾ. ಅವಳು ಹತ್ತೊಂಬತ್ತರ ಹುಡುಗಿ. ಬಂದ ಆರೇ ತಿಂಗಳಿಗೆ ಇಲ್ಲಿಯವರ ಹಾಗೆಯೇ ಮೂಗಿನಲ್ಲಿ ಮಾತಾಡಲು ಕಲಿತಿದ್ದಳು. ಹತ್ತು ನಿಮಿಷ ಬಿಟ್ಟು ಅದೇ ನಂಬರಿಗೆ ಮಾಡಿದಳು. ನಮ್ಮ ತಂದೆಯ ಹೆಸರು ಮ್ಯಾಕ್, ಇಪ್ಪತ್ತಾರು ವರ್ಷ ರಸಾಯನಶಾಸ್ತ್ರ, ಕೆಲಸ ಇನ್ನೂ ಇದೆಯಾ?

ಇತ್ತು. ಬುಧವಾರ ಹನ್ನೊಂದಕ್ಕೆ ಬರಬೇಕಂತೆ.

ಬುಧವಾರ ಮಹ್ಕಮ್ ಮದುವೆಯ ಕೋಟು ತೊಟ್ಟು ಹೋದ. ಬಾಗಿಲ ಬಳಿಯ ಮೇಜಿನ ಹೆಂಗಸು ಪಟ್ಟಿಯನ್ನೂ ಅವನನ್ನೂ ಎರಡೆರಡು ಸಲ ನೋಡಿದಳು. "ಮ್ಯಾಕ್? ನೀವಾ?" ಒಳಗಿದ್ದ ಅಧಿಕಾರಿ ದಿಲ್ದೋರಾಗಿಂತ ಐದಾರು ವರ್ಷಕ್ಕೆ ದೊಡ್ಡವನಿರಬಹುದು.

"ನಿಮ್ಮ ಅನುಭವವೆಲ್ಲ ಅಲ್ಲಿಯದು. ಇಲ್ಲಿಯ ಅನುಭವ ಏನಿದೆ?"

"ನೀರಲ್ಲಿ ಕ್ಲೋರಿನ್ ಎಷ್ಟಿದೆ ಅಂತ ನೋಡೋದಲ್ವಾ ಕೆಲಸ?" ಮಹ್ಕಮ್ ಒಂದೊಂದೇ ಪದ ಜೋಡಿಸಿ ಕೇಳಿದ. "ಕ್ಲೋರಿನ್ ಅಲ್ಲೂ ಕ್ಲೋರಿನ್ನೇ. ನೀರೂ ನೀರೇ."

ಅಧಿಕಾರಿ ನಕ್ಕ. ಒಳ್ಳೆಯ ಮಾತು ಎಂದ. ಆದರೆ ನಮ್ಮ ತಂಡಕ್ಕೆ ಹೊಂದುವವರು ಬೇಕು, ಮಾತು ಸಲೀಸಾಗಿರಬೇಕು, ಖಂಡಿತ ತಿಳಿಸುತ್ತೇವೆ ಎಂದ. ಕೈ ಕುಲುಕಿ ಬಾಗಿಲ ತನಕ ಬಂದು ಬಿಟ್ಟ. ತಿಳಿಸಲಿಲ್ಲ.

"ಇನ್ಮೇಲೆ ಅರ್ಜಿಯಲ್ಲೂ ಮ್ಯಾಕ್ ಅಂತಲೇ ಹಾಕೋಣ ದಾದಾ," ಎಂದಳು ದಿಲ್ದೋರಾ ಅಪ್ಪನಿಗೆ. ಗುರುವಾರದ ಅಡುಗೆ ಮಹ್ಕಮನದು. ಅವನು ಓಶ್ ಪಲಾವ್ ಮಾಡಲು ಗಜ್ಜರಿ ಹೆಚ್ಚುತ್ತಿದ್ದ.

"ಮ್ಯಾಕ್ ಅಂತ ಹೋಗಿದ್ದಕ್ಕೇ ತಾನೆ ಅವಳು ನನ್ನನ್ನ ಕಳ್ಳನ ಹಾಗೆ ನೋಡಿದ್ದು?"

"ಮಹ್ಕಮ್ ಅಂತ ಹೋಗಿದ್ರೆ ನೋಡೋದಕ್ಕೂ ಕರೀತಿರಲಿಲ್ಲ."

ಬುವಿ ಅಕ್ಕಿ ಆರಿಸುತ್ತ ಹೇಳಿದಳು, "ಇವತ್ತು ಹೆಸರು ಕತ್ತರಿಸು ಅಂತಾರೆ. ನಾಳೆ ಮೂಗು ಉದ್ದ ಆಯ್ತು ಅಂತಾರೆ."

"ಆ ಮೂಗು ನಿಮ್ಮಿಂದ ಬಂದದ್ದು ಬುವಿ. ಅದಕ್ಕೇ ನಿಮಗೆ ಸಂಕಟ."

"ನಿನಗೂ ಬಂದಿದೆ ಕಣೇ. ಕನ್ನಡಿ ನೋಡ್ಕೋ ಹೋಗು."

ಮಹ್ಕಮ್ ಗಜ್ಜರಿಯನ್ನು ಸಣ್ಣ ಕಡ್ಡಿಗಳಾಗಿ, ಒಂದಕ್ಕೊಂದು ವ್ಯತ್ಯಾಸವಿಲ್ಲದಂತೆ ಹೆಚ್ಚಿಟ್ಟ. ಫೆಬ್ರವರಿಯಲ್ಲಿ ಅವನು ಅರ್ಜಿಯನ್ನೇ ಹಾಕಲಿಲ್ಲ. ಟ್ರಂಕು ಒರೆಸಿಟ್ಟ.

ಟ್ರಂಕು ಸೊಹಿಬಾಳ ಕಣ್ಣಿಗೆ ಬಿತ್ತು. ಅವಳು ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ವೃದ್ಧರ ನಿವಾಸದಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದಳು. ಮಾರ್ಚಿನ ಮೊದಲ ಶನಿವಾರ ಬಂದವಳೇ ಕೋಟು ಕಳಚುವ ಮುಂಚೆ ಹೇಳಿದಳು:

"ನಮ್ಮಲ್ಲಿ ಊಟದ ಹಾಲ್‌ಗೆ ಒಬ್ಬರು ಬೇಕು. ಅಲ್ಲಿ ನೋಡ್ಕೊಳ್ಳೋ ಡಿನೀಸಿಗೆ ಹೇಳಿಬಿಟ್ಟಿದ್ದೀನಿ. ಸೋಮವಾರದಿಂದ ಎರಡು ವಾರ ನೋಡ್ತಾಳಂತೆ, ಸರಿಹೋದ್ರೆ ಇಟ್ಕೊಳ್ತಾಳೆ."

"ಏನು ಕೆಲಸ?" ಎಂದ ಮಹ್ಕಮ್.

"ಕಾಫಿ ಟೀ ಹೊಯ್ಯೋದು. ತಟ್ಟೆ ಎತ್ತೋದು."

ಬುವಿ ಕೈಯಲ್ಲಿದ್ದ ಜಪಮಣಿ ಮಡಿಲಿಗೆ ಹಾಕಿಕೊಂಡಳು. "ನನ್ನ ಮಗ ಮೇಷ್ಟ್ರು."

"ಹೌದು ಬುವಿ. ನಿಮ್ಮ ಮಗನ ಕೈಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಒಂದು ಗಾಜು ಒಡೆದಿಲ್ಲ ಅಂತ ಊರಿಗೆಲ್ಲ ಹೇಳ್ತೀರಲ್ಲ. ಆ ಕೈ ಕಪ್ ಹಿಡೀಲಿ."

"ನೀನು ಯಾರನ್ನ ಕೇಳಿ ಹೇಳಿದೆ?" ಮಹ್ಕಮನ ದನಿ ಏರಿತು.

"ಟ್ರಂಕು ಒರೆಸುವಾಗ ನೀವು ಯಾರನ್ನ ಕೇಳಿದ್ರಿ?"

ಆ ಸಂಜೆ ಎಲ್ಲರೂ ಸಾರು ಬಡಿಸಿಕೊಂಡು ಉಂಡರು. ಕೊನೆಗೆ ಮಹ್ಕಮ್ ರೊಟ್ಟಿಯ ತುಣುಕಿನಿಂದ ಬಟ್ಟಲು ಒರೆಸುತ್ತ, "ಎರಡು ವಾರ ತಾನೆ. ನವ್ರೂಜ್ ತನಕ ಹೊತ್ತು ಹೋಗಬೇಕಲ್ಲ," ಎಂದ. ದಿಲ್ದೋರಾ ಎದ್ದುಹೋಗಿ ಅವನ ಬಿಳಿ ಅಂಗಿ ಹುಡುಕಿದಳು.

ಸೋಮವಾರ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಹೋದರು. ಊಟದ ಹಾಲ್‌ನಲ್ಲಿ ಹನ್ನೆರಡು ಮೇಜು, ಮೇಜಿಗೆ ನಾಲ್ವರು. ಮಹ್ಕಮ್ ಕಾಫಿಯ ಜಗ್ಗು ಹಿಡಿದು ಹೊರಟ. ಒಬ್ಬೊಬ್ಬರ ಕಪ್ಪಿಗೂ ಅರ್ಧದ ತನಕ ಹೊಯ್ದು, ಜಗ್ಗು ಮೇಜಿನ ಮೇಲಿಟ್ಟು, ಬಲಗೈಯಲ್ಲಿ ಕೊಟ್ಟು, ಎಡಗೈಯನ್ನು ಎದೆಯ ಮೇಲಿಟ್ಟು ಸ್ವಲ್ಪ ಬಾಗಿದ. ಹಿರಿಯರಿಗೆ ಕೊಡುವುದೇ ಹಾಗೆ. ಅವನ ಅಪ್ಪ ಕೊಡುತ್ತಿದ್ದುದೂ ಹಾಗೆಯೇ.

"ಎದೆ ನೋವಾ?" ಎಂದು ಮೂರನೆಯ ಮೇಜಿನ ಗ್ರಾಬೊವ್ಸ್ಕಿ ಕೇಳಿದ. ಹಡಗು ಕಟ್ಟುವಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತನಾದ ದೊಡ್ಡ ಆಳು. ಕೈಗಳೆರಡೂ ಎಲೆಯ ಹಾಗೆ ನಡುಗುತ್ತಿದ್ದವು.

"ಇಲ್ಲ ಸರ್. ಮರ್ಯಾದೆ."

"ಹಾಗಾದ್ರೆ ಸರಿ. ಇಲ್ಲಿ ಎದೆ ಹಿಡ್ಕೊಂಡವರನ್ನ ಆಂಬುಲೆನ್ಸಿಗೆ ಹಾಕ್ತಾರೆ, ಹುಷಾರು."

ಐದನೆಯ ಮೇಜಿನ ಲಾಟಿಮರ್ ಎಂಬ ಹೆಂಗಸಿಗೆ ಮಾತ್ರ ನಗು ಬರಲಿಲ್ಲ. ಮುತ್ತಿನ ಸರ ಹಾಕಿಕೊಂಡು ತಿಂಡಿಗೆ ಬರುವವಳು. ಕಪ್ಪಿನೊಳಗೆ ಬಗ್ಗಿ ನೋಡಿದಳು.

"ಉಳಿದದ್ದು ಎಲ್ಲಿ?"

"ಮತ್ತೆ ಬರ್ತೀನಿ ಮೇಡಂ. ಬಿಸಿಯಾಗಿ."

"ಡಿನೀಸ್! ಎಲ್ಲಿಂದಲೋ ಬಂದವರು ನಮ್ಮ ಕಾಫಿಯನ್ನ ನಮಗೇ ಅಳೆದು ಕೊಡ್ತಾರಲ್ಲ! ಇವರ ಊರಲ್ಲಿ ಬರಗಾಲ ಇದ್ರೆ ನಾನೇನು ಮಾಡ್ಲಿ?"

ಇನ್ನೂ ಇಬ್ಬರು ಮೂವರು ತಮ್ಮ ಕಪ್ಪು ನೋಡಿಕೊಂಡರು. ಊಟದ ಹಾಲ್‌ನ ಮೇಲ್ವಿಚಾರಕಿ ಡಿನೀಸ್ ಅಗಲ ಮುಖದ, ಸದಾ ಅವಸರದ ಹೆಂಗಸು. ಮಹ್ಕಮನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. "ತುಂಬಿಸಿ. ಅರ್ಥ ಆಯ್ತಾ? ತುಂಬಾ. ಇನ್ನೊಂದು ದೂರು ಬಂದ್ರೆ ಎರಡು ವಾರ ಕಾಯೋದಿಲ್ಲ."

ಸೊಹಿಬಾಗೆ ಒಗೆಯುವ ಕೋಣೆಯಲ್ಲೇ ಸುದ್ದಿ ಮುಟ್ಟಿತ್ತು. ಮನೆಯಲ್ಲಿ ಬೂಟು ಬಿಚ್ಚುವ ಮುಂಚೆಯೇ ಶುರುವಾಯಿತು.

"ತುಂಬಿಸಿ ಅಂದ್ರೆ ತುಂಬಿಸಬೇಕಪ್ಪ! ಅದಕ್ಕೇನು ಪರೀಕ್ಷೆ ಪಾಸು ಮಾಡಬೇಕಾ?"

"ಸೊಹಿಬಾ, ನಿಮ್ಮಪ್ಪನಿಗೆ ನಾನು ಯಾವತ್ತಾದ್ರೂ ಚಹಾದ ಪಿಯಾಲಾ ತುಂಬಿ ಕೊಟ್ಟಿದ್ನಾ?"

"ನಮ್ಮಪ್ಪನ ಮಾತು ಬೇರೆ."

"ಏನು ಬೇರೆ? ಅವರೂ ಮುದುಕರು, ಇವರೂ ಮುದುಕರು."

ಬುವಿ ಮಗನ ಕಡೆ ಸೇರಿದಳು. "ತುಂಬಿ ಕೊಟ್ಟರೆ ಏನರ್ಥ? ಇದನ್ನ ಕುಡಿದು ಎದ್ದು ಹೋಗು ಅಂತ. ಸ್ವಲ್ಪ ಸ್ವಲ್ಪ ಕೊಟ್ಟರೆ ಕೂತಿರು, ಇನ್ನೂ ಇದೆ, ನಾನು ಇನ್ನೊಂದು ಸಲ ಏಳ್ತೀನಿ ಅಂತ. ಮನೆಯಿಂದ ಹೊರಗೆ ಹಾಕಿಸ್ಕೊಂಡು ಬಂದ ಮುದುಕರಿಗೆ ಇನ್ನೊಮ್ಮೆ ಹೋಗು ಅನ್ನಬೇಕಾ?"

"ಬುವಿ, ಅವರಿಗೆ ಅದು ಗೊತ್ತಿಲ್ಲ," ದಿಲ್ದೋರಾ ಪುಸ್ತಕ ಮುಚ್ಚಿದಳು. "ಅವರಿಗೆ ಅರ್ಧ ಕಪ್ ಅಂದ್ರೆ ಜಿಪುಣತನ, ಅಷ್ಟೇ. ತುಂಬಿದ್ರೆ ಧಾರಾಳ. ಯಾರ ಮನೇಲಿ ಇದ್ದೀವೋ ಅವರ ಲೆಕ್ಕ."

"ನಾವು ಅವರ ಮನೇಲಿದ್ದೀವಾ?"

"ಮತ್ತೆ?"

"ಹಾಗಾದ್ರೆ ನಮಗೆ ಯಾಕೆ ಇನ್ನೂ ತುಂಬಿದ ಕಪ್ಪೇ ಕೊಡ್ತಿದ್ದಾರೆ?" ಎಂದ ಮಹ್ಕಮ್.

ಸೊಹಿಬಾ ಈರುಳ್ಳಿ ಹೆಚ್ಚಲು ಕೂತಳು. ಕಣ್ಣು ಒರೆಸಿಕೊಂಡು, ಈರುಳ್ಳಿಯದೋ ಅಲ್ಲವೋ, ಮೆತ್ತಗೆ ಹೇಳಿದಳು: "ನೀವು ಹೋದ ಮೇಲೆ ಈ ಮೇಜಿಗೆ ಮೂರೇ ತಟ್ಟೆ ಇಡಬೇಕು ನಾನು. ಅದನ್ನ ಯೋಚಿಸಿ ನಾಳೆ ಆ ಹಾಳು ಕಪ್ ತುಂಬಿಸಿ."

ಮಾರನೆಯ ದಿನ ಮಹ್ಕಮ್ ತುಂಬಿಸಿದ. ಹನ್ನೆರಡು ಮೇಜಿಗೂ, ಅಂಚಿನ ತನಕ, ಯಾರ ಮುಖವನ್ನೂ ನೋಡದೆ ತುಂಬಿಸಿದ. ಗ್ರಾಬೊವ್ಸ್ಕಿ ಎರಡೂ ಕೈಯಲ್ಲಿ ಕಪ್ಪೆತ್ತಿದ. ಅರ್ಧ ಕಾಫಿ ಅವನ ಅಂಗಿಯ ಮೇಲೆ, ಸ್ವಲ್ಪ ಮಣಿಕಟ್ಟಿನ ಮೇಲೆ ಚೆಲ್ಲಿತು. ಅವನ ಬಾಯಿಂದ ಬಂದ ಮಾತಿಗೆ ಪಕ್ಕದ ಮೇಜಿನ ಹೆಂಗಸರು ಕಿವಿ ಮುಚ್ಚಿಕೊಂಡರು. ಮಹ್ಕಮ್ ಜಗ್ಗು ಕೆಳಗಿಟ್ಟು ಅವನ ಕೈ ಹಿಡಿದು ತಣ್ಣೀರಿನ ನಲ್ಲಿಗೆ ಎಳೆದುಕೊಂಡು ಹೋದ. ಸುಟ್ಟ ಕೈಯನ್ನು ಎಷ್ಟು ಹೊತ್ತು ನೀರಿನಡಿ ಹಿಡಿಯಬೇಕು ಎಂದು ಎಂಟನೆಯ ತರಗತಿಗೆ ವರ್ಷವರ್ಷವೂ ಹೇಳಿದ್ದವನು ಅವನು. ಪೂರ್ತಿ ಹೊತ್ತು ಹಿಡಿದ.

ನರ್ಸು ಬಂದಳು, ಡಿನೀಸ್ ಬಂದಳು. ಮಹ್ಕಮ್ ಏಪ್ರನ್ನಿನ ಗಂಟು ಬಿಚ್ಚತೊಡಗಿದ.

"ಯಾಕೆ ಬಿಚ್ತಿದ್ದೀಯ?" ಎಂದ ಗ್ರಾಬೊವ್ಸ್ಕಿ. "ಡಿನೀಸ್, ಇವನಿಗೆ ತುಂಬಿಸು ಅಂತ ಹೇಳಿದ್ದು ಯಾರು?"

"ನಾನು."

"ಮತ್ತೆ ನೀನು ಬಿಚ್ಚು ಏಪ್ರನ್. ನಾಲ್ಕು ವರ್ಷದಿಂದ ಇಲ್ಲಿದ್ದೀನಿ. ನಾಲ್ಕು ವರ್ಷದಲ್ಲಿ ಅಂಗಿ ಹಾಳಾಗದೆ ಕಾಫಿ ಕುಡಿದದ್ದು ನಿನ್ನೆ ಒಂದೇ ದಿನ. ಮೂರು ಸಲ ತಂದುಕೊಟ್ಟ. ಮೂರೂ ಸಲ ಬಿಸಿ. ನೀವೆಲ್ಲ ಒಂದು ಸಲ ಸುರಿದು ಓಡಿಹೋಗ್ತೀರಿ, ಆಮೇಲೆ ನಾನು ಆರಿದ್ದನ್ನ ನೋಡ್ತಾ ಕೂತಿರಬೇಕು."

ನರ್ಸು ಪಟ್ಟಿ ಸುತ್ತುತ್ತ, ಅವರು ಹೇಳೋದು ಸರಿ, ಕೈ ನಡುಗುವವರಿಗೆ ಅರ್ಧವೇ ವಾಸಿ ಎಂದಳು. ಎರಡನೆಯ ಮೇಜಿನಿಂದ ಯಾರೋ ನನಗೂ ಹಾಗೇ ಇರಲಿ ಎಂದರು. ಡಿನೀಸ್ ಹಣೆ ಒತ್ತಿಕೊಂಡಳು.

"ಸರಿ. ಅರ್ಧ ಬೇಕಾದವರಿಗೆ ಅರ್ಧ, ತುಂಬಾ ಬೇಕಾದವರಿಗೆ ತುಂಬಾ. ಕೇಳಿ ಹೊಯ್ಯಿರಿ."

ಬಂದವರನ್ನು ಎಷ್ಟು ಹೊಯ್ಯಲಿ ಎಂದು ಕೇಳುವುದು ಮಾರ್ಗಿಲಾನಿನಲ್ಲಿ ಭಂಡತನ. ಮಹ್ಕಮ್ ಏಪ್ರನ್ ಮತ್ತೆ ಕಟ್ಟಿಕೊಂಡು ಕೇಳುತ್ತ ಹೋದ. ಲಾಟಿಮರ್ ಅವನು ಬಾಯಿ ತೆರೆಯುವ ಮುಂಚೆ ಬೆರಳಿನಿಂದ ಕಪ್ಪಿನ ಅಂಚು ತೋರಿಸಿದಳು.

"ಇಲ್ಲಿ ತನಕ."

ಮಹ್ಕಮ್ ಇಲ್ಲಿ ತನಕ ಹೊಯ್ದ. ಇನ್ನೊಂದು ಹನಿ ಬಿದ್ದರೆ ತಟ್ಟೆಗೆ ಇಳಿಯುವ ಹಾಗೆ ಹೊಯ್ದು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಅಂತೂ ಕಲಿತ," ಎಂದಳು ಲಾಟಿಮರ್ ಪಕ್ಕದವಳಿಗೆ.

ಇದನ್ನು ಅವನು ಮನೆಯಲ್ಲಿ ಹೇಳಿದಾಗ ಸೊಹಿಬಾ ನಗುತ್ತ ಒಲೆಯ ಮೇಲಿದ್ದದ್ದನ್ನು ಸೀಯಿಸಿದಳು. ದಿನವೂ ಬೆಳಿಗ್ಗೆ ದಾದಾ ಅಮೆರಿಕದವಳೊಬ್ಬಳಿಗೆ ಎದ್ದು ಹೋಗು ಅನ್ನುತ್ತಾರೆ, ಅವಳು ಥ್ಯಾಂಕ್ಸ್ ಅನ್ನುತ್ತಾಳೆ ಎಂದು ದಿಲ್ದೋರಾ ಫಾಜಿಲನಿಗೆ ಫೋನಿನಲ್ಲಿ ಹೇಳಿದಳು. ಆ ಕಡೆ ಲಾರಿಯ ಹಾರ್ನು ಎರಡು ಸಲ ಮೊಳಗಿತು.

ಬುವಿ ಮಾತ್ರ ನಗಲಿಲ್ಲ. "ಆ ಹೆಂಗಸಿನ ಮಕ್ಕಳು ನೋಡೋಕೆ ಬರ್ತಾರಾ?"

"ನಾನು ನೋಡಿಲ್ಲ," ಎಂದಳು ಸೊಹಿಬಾ. "ಅವಳ ಬಟ್ಟೆ ಚೀಲಕ್ಕೆ ಹೆಸರಿನ ಚೀಟಿ ಹೊಲಿದದ್ದೂ ನಾನೇ. ಬೇರೆಯವರದ್ದು ಮನೆಯವರು ಹೊಲಿದು ತರ್ತಾರೆ."

"ಹಾಗಾದ್ರೆ ತುಂಬಿದ್ದನ್ನೇ ಕೊಡು, ಕೇಳಿದ್ದನ್ನ ಕೊಡಬೇಕು. ಆದರೆ ಮತ್ತೆ ಹೋಗು. ಒಂದು ಸಲ ಕೊಟ್ಟು ಬಿಟ್ಟುಬಿಡಬೇಡ."

ಮಹ್ಕಮ್ ಮತ್ತೆ ಹೋದ. ಲಾಟಿಮರ್ ಮೊದಲ ಮೂರು ದಿನ ಕೈ ಬೀಸಿ ಕಳಿಸಿದಳು. ನಾಲ್ಕನೆಯ ದಿನ, ಅವನ ಊರಿನಲ್ಲಿ ಹಿಮ ಬೀಳುತ್ತದೆಯೇ ಎಂದು ಕೇಳಿದಳು. ಬೀಳುತ್ತದೆ ಎಂದ. ನಂಬಲಿಲ್ಲ. ಅವಳು ಹಾಗೆಯೇ.

ಹಾಲ್‌ನಲ್ಲಿ ತಿಂಡಿಯ ಹೊತ್ತು ಇಪ್ಪತ್ತು ನಿಮಿಷ ಉದ್ದವಾಯಿತು. ಮುದುಕರು ಬೇಗ ಎದ್ದು ಹೋಗುತ್ತಿರಲಿಲ್ಲ. ಡಿನೀಸ್ ಗಡಿಯಾರ ನೋಡಿ ಗೊಣಗಿದಳು. ಬೆಸುಗೆಯ ಅನಿಲದ ಬಗ್ಗೆ ಗ್ರಾಬೊವ್ಸ್ಕಿ ಏನೋ ತಪ್ಪು ಹೇಳಿದ, ಮಹ್ಕಮ್ ತಿದ್ದಿದ. ಗ್ರಾಬೊವ್ಸ್ಕಿ ಒಪ್ಪಲಿಲ್ಲ. ಮಹ್ಕಮ್ ಕಾಗದದ ಕರವಸ್ತ್ರದ ಮೇಲೆ ಸಮೀಕರಣ ಬರೆದು ತೋರಿಸಿದ. ಎರಡು ದಿನ ಆ ಜಗಳ ನಡೆಯಿತು, ಮೂರನೆಯ ದಿನ ಇನ್ನಿಬ್ಬರು ಕುರ್ಚಿ ಎಳೆದುಕೊಂಡು ಬಂದರು.

ಎರಡು ವಾರ ಮುಗಿದ ಶುಕ್ರವಾರ ಡಿನೀಸ್ ಕೆಲಸಕ್ಕೆ ತೆಗೆದುಕೊಳ್ಳುವ ಕಾಗದ ಮುಂದಿಟ್ಟು ಸಹಿ ಹಾಕಿ ಎಂದಳು. ಮಹ್ಕಮ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ಸೋಮವಾರ ಹೇಳುತ್ತೇನೆ ಎಂದ. ಮನೆಯಲ್ಲಿ ಕಾಗದವನ್ನು ಫ್ರಿಜ್ಜಿನ ಮೇಲೆ, ರೊಟ್ಟಿಯ ಪಕ್ಕ ಇಟ್ಟ. ಅದನ್ನು ಎಲ್ಲರೂ ನೋಡಿದರು.

ಶನಿವಾರ ನವ್ರೂಜ್. ಮೊಳಕೆ ಗೋಧಿಯ ಸುಮಾಲಕ್ ಪಾಯಸ ಕುದಿಸುವಷ್ಟು ದೊಡ್ಡ ಕಡಾಯಿ ಇರಲಿಲ್ಲವಾದ್ದರಿಂದ ಸೊಹಿಬಾ ಮೂರು ಪಾತ್ರೆಗಳಲ್ಲಿ ಕುದಿಸಿದಳು. ಬೆಳಿಗ್ಗೆ ಹತ್ತಕ್ಕೆ, ಅಲ್ಲಿ ಸಂಜೆಯಾಗಿರುವಾಗ, ಡೈರೆಕ್ಟರನ ಫೋನ್ ಬಂತು. ಮಹ್ಕಮ್ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟ. ಪರದೆಯಲ್ಲಿ ಡೈರೆಕ್ಟರನ ಟೋಪಿ, ಹಿಂದೆ ಅರಳಿದ ಏಪ್ರಿಕಾಟ್ ಮರ.

ಸೊಹಿಬಾ ಸೌಟು ತಿರುಗಿಸುತ್ತಲೇ ಇದ್ದಳು. ದಿಲ್ದೋರಾ ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದಳು. ಬುವಿಯ ಬೆರಳು ಒಂದೇ ಜಪಮಣಿಯ ಮೇಲೆ ನಿಂತಿತ್ತು.

"ಹಬ್ಬದ ಶುಭಾಶಯ ಮಹ್ಕಮ್ ಅಕಾ! ಯಾವತ್ತು ಬರ್ತೀರಿ? ಹುಡುಗರು ಮೇಷ್ಟ್ರಿಲ್ಲದೆ ಕುಣೀತಿದ್ದಾರೆ."

"ಕುಣೀಲಿ. ನನ್ನ ಕ್ಲಾಸುಗಳನ್ನ ಶಾಲೆಗೆ ಹೊಸದಾಗಿ ಸೇರಿದ ಆ ಟೀಚರ್ ಹುಡುಗಿಗೆ ಕೊಟ್ಬಿಡಿ. ಚೆನ್ನಾಗಿ ಕಲಿಸ್ತಾಳೆ ಅಂತ ಕೇಳಿದ್ದೀನಿ."

"ಓ! ಅಲ್ಲಿ ಕೆಲಸ ಸಿಕ್ತಾ? ಲ್ಯಾಬಿನಲ್ಲಾ?"

ಸೊಹಿಬಾಳ ಸೌಟು ನಿಂತಿತು.

"ಇಲ್ಲ. ಮುದುಕರ ಮನೇಲಿ ಕಾಫಿ ಹೊಯ್ತೀನಿ."

ಏಪ್ರಿಕಾಟ್ ಮರದಲ್ಲಿ ಹಕ್ಕಿಯೊಂದು ಕೂಗುವುದು ಫಿಲಡೆಲ್ಫಿಯಾದ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು.

"ಕಾಫಿ," ಎಂದ ಡೈರೆಕ್ಟರ್ ಕೊನೆಗೆ. "ನೀವು."

"ನಾನೇ. ಇಪ್ಪತ್ತಾರು ವರ್ಷ ನಿಮ್ಮಲ್ಲಿ ಪಾಠ ಮಾಡಿದೆ. ಇನ್ನೊಂದು ಸಲ ಬನ್ನಿ ಮೇಷ್ಟ್ರೇ ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ಇಲ್ಲಿ ನಲವತ್ತೆಂಟು ಜನ ಕೇಳ್ತಾರೆ. ಒಬ್ಬಳು ಕೇಳಲ್ಲ, ಆದರೆ ದಾರಿ ನೋಡ್ತಿರ್ತಾಳೆ."

"ನಲವತ್ತೇಳು ಅಂತ ಹೇಳಿ ಹಾಗಾದ್ರೆ," ಎಂದು ಡೈರೆಕ್ಟರ್ ನಕ್ಕುಬಿಟ್ಟ.

ಫೋನ್ ಇಟ್ಟ ಮೇಲೆ ಬುವಿ ತಲೆವಸ್ತ್ರ ಸರಿಮಾಡಿಕೊಂಡಳು. "ಅವನ ಹೆಂಡತಿಗೆ ಗೊತ್ತಾಯ್ತು ಅಂದ್ರೆ ಮಲಗೋದರೊಳಗೆ ಮಾರ್ಗಿಲಾನಿಗೆಲ್ಲ ಗೊತ್ತಾಗುತ್ತೆ."

"ಗೊತ್ತಾಗಲಿ," ಎಂದಳು ಸೊಹಿಬಾ. ಅವಳು ಫ್ರಿಜ್ಜಿನ ಮೇಲಿದ್ದ ಕಾಗದ ತಂದು ಗಂಡನ ಮುಂದೆ ಬಿಡಿಸಿಟ್ಟು, ಅದರ ಮೇಲೆ ಪೆನ್ನು ಇಟ್ಟಳು. "ಸಹಿ ಮಾಡಿ. ಮಾಡಿ ಈ ಕಡೆ ಬಂದು ಸೌಟು ಹಿಡೀರಿ. ನನ್ನ ಕೈ ಸೋತಿದೆ."